ಇಂತಿ, ನಿಮ್ಮ ಅಕ್ಕ

ಮಂಡ್ಯದ ಆ ಖಾಸಗಿ ಆಸ್ಪತ್ರೆಯಲ್ಲಿ ಜಾಕಿಯಾಳ ಕೆಲಸ ಇಷ್ಟೇ: ನರ್ಸ್ ಕೆಲಸಕ್ಕೆ ಅರ್ಜಿ ಹಾಕಿದ ಹುಡುಗಿಯರ ಹೆಸರು, ಇಮೇಲುಗಳನ್ನು ಕಂಪ್ಯೂಟರಿನ ಪಟ್ಟಿಗೆ ಸೇರಿಸುವುದು. ಮಿಕ್ಕಿದ್ದನ್ನು ಸಾಫ್ಟ್‌ವೇರೇ ನೋಡಿಕೊಳ್ಳುತ್ತಿತ್ತು. ಅರ್ಜಿ ತಲುಪಿದ್ದಕ್ಕೊಂದು, ಅರ್ಜಿ ಇನ್ನೂ ನಮ್ಮಲ್ಲಿದೆ ಎಂದು ತಿಂಗಳಿಗೊಮ್ಮೆ ನೆನಪಿಸುವುದಕ್ಕೊಂದು ಸಿದ್ಧ ಪತ್ರ, ಎರಡೂ ಇಂಗ್ಲಿಷಿನಲ್ಲಿ, ಕೋರ್ಟಿನ ನೋಟೀಸಿನಂತೆ. "ಇವನ್ನ ಕನ್ನಡ ಮಾಡಮ್ಮ" ಎಂದು ಮ್ಯಾನೇಜರ್ ಶಶಿಧರ್ ಹೇಳಿದ್ದೇ ತಡ, ಅವಳಿಗೆ ಹುರುಪು ಬಂತು.

ನಮ್ಮ ಕಡೆ ಬಾಗಿಲಿಗೆ ಬಂದವರಿಗೆ ಇಲ್ಲ ಅನ್ನಲು ನಾಲಿಗೆ ಹೊರಳುವುದಿಲ್ಲ. ನೋಡೋಣ ಅನ್ನುತ್ತೇವೆ, ಕೇಳಿದವರು ನಮ್ಮ ಮುಖ ನೋಡಿಯೇ ಅರ್ಥ ಮಾಡಿಕೊಂಡು ಹೊರಡುತ್ತಾರೆ. ಪತ್ರಕ್ಕೆ ಮುಖವೆಲ್ಲಿದೆ? ಜಾಕಿಯಾ ಅದನ್ನು ಯೋಚಿಸಲಿಲ್ಲ. 'ಪ್ರೀತಿಯ' ಎಂದು ಬರೆದು ಹೆಸರಿಗೆ ಜಾಗ ಬಿಟ್ಟಳು. ಪಟ್ಟಿಯಲ್ಲಿದ್ದ ನಾನೂರು ಜನರ ಹೆಸರೂ ಅಲ್ಲಿ ತಾನಾಗಿಯೇ ಬಂದು ಕೂರುತ್ತಿತ್ತು. 'ನಿಮ್ಮನ್ನು ಮರೆತಿಲ್ಲ, ಧೈರ್ಯವಾಗಿರಿ. ಇಂತಿ, ನಿಮ್ಮ ಅಕ್ಕ' ಎಂದು ಮುಗಿಸಿದಳು. ಓದಿಕೊಂಡು ಅವಳ ಕಣ್ಣೇ ಒದ್ದೆಯಾಯಿತು. ತನ್ನ ಒಳ್ಳೆಯತನಕ್ಕೆ ತಾನೇ ಮರುಳಾಗುವವರನ್ನು ಕಂಡರೆ ನನಗೆ ಭಯ.

ಮಾರ್ಚಿಗೆಲ್ಲ ಕೆಲಸಗಳು ಭರ್ತಿಯಾದವು. ಪತ್ರ ನಿಲ್ಲಿಸಲೇ ಎಂದು ಕೇಳಿದ್ದಕ್ಕೆ ಶಶಿಧರ್, "ಇರ್ಲಿ ಬುಡಮ್ಮ, ಯಾರೂ ಬಂದು ತಲೆ ತಿಂತಿಲ್ವಲ್ಲ" ಅಂದ. ಜಾಕಿಯಾಗೂ ಒಳಗೊಳಗೇ ಖುಷಿಯಾಯಿತು.

ನವೆಂಬರಿನ ಒಂದು ಶನಿವಾರ ಕಿರುಗಾವಲಿನಿಂದ ಹುಡುಗಿಯೊಬ್ಬಳು ಬಂದಳು.

"ಏನಮ್ಮ ನಿನ್ನ ಹೆಸರು?" ಎಂದು ಜಾಕಿಯಾ ಕೇಳಿದಳು.

"ನಾಗಶ್ರೀ ಮೇಡಂ. ಮಳವಳ್ಳಿ ಕ್ಲಿನಿಕ್ಕಲ್ಲಿ ಕೆಲ್ಸಕ್ಕೆ ಕರೀತಾವ್ರೆ. ಬತ್ತೀನೋ ಇಲ್ವೋ ಇವತ್ತೇ ಏಳ್ಬೇಕಂತೆ. ಇಲ್ಲಿ ಅಕ್ಕ ಒಬ್ರು ನಂಗೆ ಧೈರ್ಯ ಏಳ್ಕೊಂಡ್ ಬತ್ತಾವ್ರೆ. ಅವ್ರುನ್ನ ಒಂದ್ಮಾತು ಕೇಳ್ಬುಟ್ಟು ಓಯ್ತೀನಿ." ಮೊಬೈಲು ಚಾಚಿ ಎಂಟು ತಿಂಗಳ ಎಂಟು ಪತ್ರ ತೋರಿಸಿದಳು.

ಅವು ತನ್ನದೇ ಪತ್ರಗಳೆಂದು ಜಾಕಿಯಾಗೆ ಗೊತ್ತಾಯಿತು. ಹುಟ್ಟಿದಾಗಿನಿಂದ ಆಡದ ಮಾತನ್ನು ಅವತ್ತು ಆಡಿದಳು. "ಇಲ್ಲಿ ಕೆಲಸ ಇಲ್ಲಮ್ಮ. ಮಾರ್ಚಲ್ಲೇ ಮುಗೀತು. ಮಳವಳ್ಳಿಗೇ ಸೇರ್ಕೊ."

"ಈ ಕೆಲ್ಸಕ್ಕೆ ನಿಮ್ ಕಡೆಯೋರ್ನ ಯಾರ್ನಾರ ಸೇರಿಸ್ಬೇಕಾ ಮೇಡಂ?"

"ಅಯ್ಯೋ, ಆ ಪತ್ರ ಬರೆದಿದ್ದೇ ನಾನು ಕಣಮ್ಮ! ಎಲ್ರಿಗೂ ಅದೇ ಹೋಗುತ್ತೆ."

ನಾಗಶ್ರೀ ಅವಳನ್ನು ಅಡಿಯಿಂದ ಮುಡಿಯವರೆಗೂ ನೋಡಿದಳು. "ಸುಳ್ಯಾಕೆ ಏಳ್ತೀರಿ? ಆ ಅಕ್ಕ ಪ್ರೀತಿಯ ನಾಗಶ್ರೀ ಅಂತ ಎಸ್ರಿಡ್ದು ಬರೀತಾರೆ. ನೀವು ಈಗ್ತಾನೆ ನನ್ನೆಸ್ರು ಕೇಳುದ್ರಿ."

ಪಟ್ಟಿ ತೋರಿಸಲೆಂದು ಜಾಕಿಯಾ ಗಡಿಬಿಡಿಯಲ್ಲಿ ಕಂಪ್ಯೂಟರನ್ನು ಅವಳತ್ತ ತಿರುಗಿಸಿದಳು. ಹುಡುಗಿ ಅದರ ಕಡೆ ನೋಡಲೂ ಇಲ್ಲ. ಅಲ್ಲೇ ನಿಂತು ಮಳವಳ್ಳಿಗೆ ಫೋನು ಹಚ್ಚಿ, ಜಾಕಿಯಾಗೆ ಕೇಳಲೆಂದೇ ಗಟ್ಟಿಯಾಗಿ ಹೇಳಿದಳು: "ನಾನು ಬರಲ್ಲ ಸಾರ್, ಬ್ಯಾರೆಯೋರ್ನ ನೋಡ್ಕಳಿ. ಮಂಡ್ಯದಲ್ಲಿ ನಮ್ಮೋರು ಒಬ್ರವ್ರೆ."