ತೇಪೆ ಹಾಕಿದ್ದು ಯಾರು

ಗೆಳೆಯರೇ, ಆ ಜಪಾನಿ ಬಾಹ್ಯಾಕಾಶದ ಆನಿಮೇಷನ್ ಸಿನಿಮಾದ ಎರಡನೇ ಭಾಗವನ್ನು ಮೂರು ಸಲ ನೋಡಿ ಬರೆದಿದ್ದ ವಿಮರ್ಶೆಯನ್ನು ಇವತ್ತು ಅಳಿಸಿಬಿಟ್ಟೆ.

ಪ್ಯಾಂಟ್ ಆಲ್ಟರ್ ಮಾಡಿಸಲು ತುಮಕೂರಿನ ನಸೀಮಾ ಆಪಾ ಅವರ ಟೈಲರ್ ಅಂಗಡಿಯಲ್ಲಿ ಕೂತಿದ್ದೆವು. ಗುಬ್ಬಿಯ ಗೆಳೆಯ ಶಶಿ ರೇಗುತ್ತಿದ್ದ. "ಮೊದಲ್ನೇ ಭಾಗದಲ್ಲೇ ಆ ಹುಡುಗಿ ಅಮ್ಮ ಸತ್ತೋದ್ಲು. ಇದ್ರಲ್ಲಿ ಇನ್ನೇನೈತೆ ಮಗಾ? ಬರೀ ದಂಡ."

ನಾನು ಮೊಬೈಲಿನಲ್ಲಿ ಅದರ ಟ್ರೈಲರ್ ನಿಲ್ಲಿಸಿ, ಬಾಹ್ಯಾಕಾಶದ ಉಡುಪು ತೊಟ್ಟು ಕತ್ತಲಲ್ಲಿ ತೇಲುವ ಮಗಳನ್ನು ದೊಡ್ಡದು ಮಾಡಿ ತೋರಿಸಿದೆ. "ಚಿತ್ರ ಬಿಡಿಸಿರೋದನ್ನಾದ್ರೂ ನೋಡೋ."

ಆಪಾ ಕನ್ನಡಕ ಏರಿಸಿ ಬಗ್ಗಿದರು. "ಈ ಹುಡುಗಿ ಅಂಗಿ ತೋಳಿಗೆ ತೇಪೆ ಹಾಕಿದ್ಯಾರು?"

"ಅವಳೇ ಹಾಕ್ಕೊಂಡಿರ್ತಾಳೆ ಆಪಾ."

"ಇಲ್ಲ ಕಣಪ್ಪ. ಹೊಲಿಗೆ ವಾಲಿರೋದು ನೋಡು. ಇದು ಎಡಗೈಯವರ ಕೆಲ್ಸ."

ಇಡೀ ನೌಕೆಯಲ್ಲಿ ಎಡಗೈಯವಳು ಅಮ್ಮ ಒಬ್ಬಳೇ. ಆ ತೋಳು ಹರಿದದ್ದು ಅವಳು ಸತ್ತ ಮೇಲೆ. ಅಂದರೆ ಅವಳು ಸತ್ತಿಲ್ಲ. ಜಪಾನಿನಲ್ಲಿ ಯಾರೋ ಪುಣ್ಯಾತ್ಮರು ಉಗುರಿನಷ್ಟು ಜಾಗದಲ್ಲಿ ಇದನ್ನು ಬಿಡಿಸಿಟ್ಟು, ಒಂದು ಮಾತೂ ಆಡದೆ ಕಾದಿದ್ದಾರೆ. ಅಲ್ಲೇ ಕೂತು ನನ್ನ ವಿಮರ್ಶೆ ಅಳಿಸಿದೆ.

ಆಪಾ ಆಗಲೇ ನನ್ನ ಶರ್ಟಿನ ಕಾಲರ್ ನೋಡುತ್ತಿದ್ದರು. "ಇದನ್ನ ಹೊಲಿದೋನಿಗೆ ಯಾವ ಕೈಯೂ ಇರ್ಲಿಲ್ಲ ಅನ್ಸುತ್ತೆ."