ಅರಿಶಿಣಕ್ಕೆ ಬೇಡವಾದ ಕೈ

ಮದುವೆಗೆ ನಾಲ್ಕು ತಿಂಗಳಿರುವಾಗ ಉಳಿದ ಹುಡುಗಿಯರು ತಮ್ಮ ಮುಖದ ಮೊಡವೆಯ ಬೆನ್ನು ಹತ್ತುತ್ತಾರೆ. ನಾನು ನಮ್ಮವ್ವನ ಕೈಗಳ ಬೆನ್ನು ಹತ್ತಿದೆ.

ಅವ್ವ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸಕ್ಕೆ ಹೋಗುತ್ತಿದ್ದಳು. ಇಪ್ಪತ್ತು ವರ್ಷ ಅದೇ ಗೋದಾಮು, ಅದೇ ಗೋಡೆಯ ಬದಿ, ಪಕ್ಕದಲ್ಲಿ ಅದೇ ಗೆಳತಿಯರು. ನಮ್ಮೂರ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೊರಗಿನವರು ಹೊಗಳುತ್ತಾರೆ. ಹಾಗೆ ಹೊಗಳುವವರು ದಿನಕ್ಕೆ ಎಂಟು ತಾಸು ಅದರ ರಾಶಿಯ ಮುಂದೆ ಕೂತವರಲ್ಲ. ಅವ್ವನ ಉಗುರಿನ ಸಂದಿ, ಬೆರಳಿನ ಗೆರೆ ಎಲ್ಲ ಕೆಂಪಗಿರುತ್ತಿದ್ದವು. ಚಿಕ್ಕವಳಿದ್ದಾಗ ಅವಳು ಜಡೆ ಹೆಣೆಯಲು ಕೂತರೆ ನಾನು ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಅದೇ ಕೈಗಳ ದುಡಿಮೆಯಲ್ಲಿ ಬಿ.ಎಡ್. ಮುಗಿಸಿ ಹಾವೇರಿಯ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನದ ಟೀಚರ್ ಆದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದುವಾಗ ಯಾರಿಗೂ ನನ್ನ ಮೇಲೆ ಕನಿಕರ ಬರಬಾರದು.

ಜನವರಿಯಲ್ಲಿ ನಮ್ಮ ಮನೆಯಲ್ಲೇ ನಿಶ್ಚಿತಾರ್ಥ ಆಯಿತು. ಗಂಡಿನವರು ಹಾವೇರಿಯವರು, ಸ್ವಂತ ಮನೆ, ಬಟ್ಟೆ ಅಂಗಡಿ. ಅವ್ವ ಗಂಡಿನ ತಾಯಿಗೆ, ಅಂದರೆ ನನ್ನ ಅತ್ತೆಯಾಗುವವರಿಗೆ, ಕುಂಕುಮ ಇಟ್ಟಳು. ಒಂದು ಚಿಟಿಕೆ ಅವರ ರೆಪ್ಪೆಯ ಮೇಲೆ ಉದುರಿತು. ಅವ್ವ ನನ್ನ ಮುಖ ಒರೆಸುತ್ತಿದ್ದ ಹಾಗೆಯೇ ಅವರ ರೆಪ್ಪೆಯನ್ನೂ ಬೆರಳಿನಿಂದ ಒರೆಸಿದಳು. ಅತ್ತೆ ಚಿಟ್ಟನೆ ಚೀರಿ ಎದ್ದು ನಿಂತರು.

"ಏನ್ರಿ ಇದು, ಕೈಯಾಗ ಬೆಂಕಿ ಇಟ್ಕೊಂಡು ಕುಂತೀರೇನು?"

ಎಲ್ಲರೂ ನಕ್ಕರು. ಅವ್ವನೂ ನಕ್ಕಳು, ಅದನ್ನೇ ನನಗೆ ತಡೆಯಲಾಗಲಿಲ್ಲ. "ಬ್ಯಾಡಗಿ ಕೈರಿ ಅಕ್ಕಾರ, ಒಂದೀಟು ಖಾರ ಇರೂದ" ಅಂದಳು. ಅತ್ತೆ ನಗಲಿಲ್ಲ. ಒದ್ದೆ ಅರಿವೆಯಿಂದ ಕಣ್ಣು ಒತ್ತಿಕೊಳ್ಳುತ್ತ ಇನ್ನೊಂದು ಕಣ್ಣಿನಿಂದ ನಮ್ಮ ಮನೆಯನ್ನೆಲ್ಲ ನೋಡಿದರು. ತಗಡಿನ ಮಾಡು, ಅಪ್ಪ ರಿಪೇರಿಗೆಂದು ಗೂಟಕ್ಕೆ ತೂಗು ಹಾಕಿದ ಸೈಕಲ್ ಟಯರುಗಳು, ಕಡೆಗೆ ನಾನು. ನನ್ನ ಬೆಲೆ ಆ ಕಣ್ಣಿನಲ್ಲಿ ಇಳಿದದ್ದು ನನಗೆ ಗೊತ್ತಾಯಿತು.

ಬೀಗರು ಹೊಸಿಲು ದಾಟಿದ ಕೂಡಲೇ ಅವ್ವನಿಗೆ ಹೇಳಿದೆ. "ನಾಳಿಂದ ನೀ ಕೆಲಸಕ್ಕ ಹೋಗಬ್ಯಾಡ."

"ಸೀಜನ್ ಈಗರ ಸುರು ಆಗೈತಿ."

"ನನ್ನ ಮದುವಿ ದೊಡ್ಡದೋ, ನಿನ್ನ ಮೆಣಸಿನಕಾಯಿ ದೊಡ್ಡದೋ?"

ಅವ್ವ ಬಾಯಿ ಇಲ್ಲದವಳಲ್ಲ. ಗೋದಾಮಿನಲ್ಲಿ ಮೇಸ್ತ್ರಿಗೇ ತಿರುಗಿ ಮಾತಾಡುವವಳು. ನನ್ನ ಸಿಟ್ಟು ಅವಳಿಂದಲೇ ಬಂದದ್ದು. ಆದರೆ ಅಂದು "ಆತು ಬಿಡ" ಅಂದಳು. ಅಪ್ಪ ಟಯರು ತಿರುವುತ್ತ ಕೂತಿದ್ದ, ತಲೆ ಎತ್ತಲಿಲ್ಲ.

ಆಮೇಲೆ ಶುರುವಾಯಿತು ನನ್ನ ಪಾಠ. ಖಾರ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ ಎಂಬುದನ್ನು ನಾನೇ ಮಕ್ಕಳಿಗೆ ಹೇಳಿಕೊಡುತ್ತಿದ್ದೆ. ದಿನಾ ಬೆಳಿಗ್ಗೆ ಬಸ್ಸಿಗೆ ಹೋಗುವ ಮುಂಚೆ ಅವ್ವನ ಎರಡೂ ಕೈಗೆ ಶೇಂಗಾ ಎಣ್ಣೆ ತಿಕ್ಕುತ್ತಿದ್ದೆ, ಆಮೇಲೆ ಕಡಲೆಹಿಟ್ಟು, ನಿಂಬೆಹಣ್ಣು, ಹುಳಿ ಮಜ್ಜಿಗೆ. ಉಗುರಿನ ಸಂದಿಗೆ ಹಳೆಯ ಹಲ್ಲುಜ್ಜುವ ಬ್ರಷ್. ಒಮ್ಮೆ ರಕ್ತ ಜಿನುಗಿತು, ನಿಂಬೆಯ ರಸ ತಾಗಿ ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. "ಸುಮ್ನ ಹಿಡಿ" ಅಂದೆ. ಸಂಜೆ ಶಾಲೆಯಿಂದ ಬಂದವಳೇ ಚಹಾಕ್ಕೂ ಮುಂಚೆ ಅವಳ ಅಂಗೈ ಮೂಸುತ್ತಿದ್ದೆ.

ಭಾನುವಾರ ಪರೀಕ್ಷೆ. ಅವ್ವ ತನ್ನ ಬೆರಳನ್ನು ತನ್ನ ಕಣ್ಣಿಗೇ ಹಚ್ಚಿಕೊಳ್ಳಬೇಕು, ನಾನು ಗಡಿಯಾರ ನೋಡುತ್ತ ಒಂದು ನಿಮಿಷ ಕಾಯಬೇಕು. ಮೊದಲ ಭಾನುವಾರ ನೀರು ಗಲ್ಲದಿಂದ ಇಳಿದು ಕುಪ್ಪಸದ ಮೇಲೆ ಬೀಳುತ್ತಿದ್ದರೂ ಅವಳು, "ಉರಿಯೂದಿಲ್ಲ" ಅಂದಳು. ನಾನು ಶಾಲೆಯ ಹುಡುಗರಿಗೆ ಹೇಳುವ ದನಿಯಲ್ಲಿ, "ಫೇಲ್" ಅಂದೆ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ. ಆಗ ನನಗೆ ಶಿಸ್ತಿನ ಹೆಮ್ಮೆ ಇತ್ತು.

ಮುಂಜಾನೆ ಅವಳ ಗೆಳತಿಯರು ಬುತ್ತಿ ಹಿಡಿದು ನಮ್ಮ ಬಾಗಿಲ ಮುಂದೆ ಹಾಯುವಾಗ, "ಬೀಗತಿ ಆದಮ್ಯಾಲ ನಮ್ಮ ನೆನಪು ಎಲ್ಲಿ ಬರಬೇಕು?" ಎಂದು ಕೂಗಿ ಕಾಡುತ್ತಿದ್ದರು. ಅವ್ವ ಒಳಗಿನಿಂದಲೇ ಬೈದು ಕಳಿಸುತ್ತಿದ್ದಳು. ಮಾರ್ಚಿನಲ್ಲಿ ಅವರು ಕೂಗುವುದನ್ನು ಬಿಟ್ಟರು. ಗೋಡೆಯ ಬದಿಯ ಅವಳ ಜಾಗದಲ್ಲಿ ಬೇರೆ ಹೆಂಗಸು ಕೂತಿದ್ದಳಂತೆ.

ಅದೇ ತಿಂಗಳು ಸೀರೆ ತೆಗೆಯಲು ಎರಡೂ ಕಡೆಯವರು ರಾಣೆಬೆನ್ನೂರಿಗೆ ಹೋದೆವು. ಅಂಗಡಿಯವನು ಧಾರೆಯ ಸೀರೆ ಹರವಿದ, ತಿಳಿ ಹಳದಿ, ಕೆಂಪು ಅಂಚು. ಅವ್ವ ಸೆರಗನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಲು ಬಾಗಿದಳು. ಅತ್ತೆ ನನ್ನ ಕಡೆ ನೋಡಿದರು, ಅಷ್ಟೇ. ನಾನು ಅವ್ವನ ಮಣಿಕಟ್ಟಿಗೆ ಪಟ್ಟನೆ ಹೊಡೆದು, "ಮುಟ್ಟಬ್ಯಾಡಂದ್ರ ತಿಳಿಯೂದಿಲ್ಲೇನು? ಅತ್ತಾಗ ಕುಂದ್ರು" ಅಂದೆ. ಅಂಗಡಿಯವನು ಸುಮ್ಮನೆ ಇನ್ನೊಂದು ಸೀರೆ ಬಿಚ್ಚತೊಡಗಿದ. ಅವ್ವ ಗೋಡೆಯ ಹತ್ತಿರದ ಸ್ಟೂಲಿನ ಮೇಲೆ, ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ತನ್ನ ಮಗಳ ಧಾರೆಯ ಸೀರೆಯನ್ನು ಅವಳು ದೂರದಿಂದಲೇ ಮೆಚ್ಚಿದಳು. ಅಥವಾ ಮೆಚ್ಚಲಿಲ್ಲವೋ ಏನೋ, ಕೇಳಿದವರು ಯಾರು?

ಏಪ್ರಿಲ್ ಹೊತ್ತಿಗೆ ಮೂರು ಭಾನುವಾರ ಸಾಲಾಗಿ ಅವಳ ಕಣ್ಣು ಕೆಂಪಾಗಲಿಲ್ಲ, ನೀರೂ ಬರಲಿಲ್ಲ. ಮೂರನೇ ಸಲ ಅದೇ ಬೆರಳನ್ನು ನನ್ನ ಕಣ್ಣಿಗೂ ಮುಟ್ಟಿಸಿಕೊಂಡೆ. ಏನೂ ಆಗಲಿಲ್ಲ. ಕೈಗೆ ವಾಸನೆ ಇರಲಿಲ್ಲ, ಬಣ್ಣ ಇರಲಿಲ್ಲ, ಯಾರದೋ ಮನೆಯ ಅಜ್ಜಿಯ ಬಿಳಿಚಿದ ಕೈಯಂತಿತ್ತು. "ಪಾಸ್ ಆದ್ನೇನು?" ಎಂದು ಅವ್ವ ಕೇಳಿದಳು. ಅವಳಿಗೆ ಬೇಕಾಗಿದ್ದದ್ದು ಒಂದೇ. ನಮ್ಮಲ್ಲಿ ಮದುವಣಗಿತ್ತಿಯ ಅರಿಶಿಣವನ್ನು ಮನೆಯ ಒರಳಿನಲ್ಲೇ ಕುಟ್ಟುತ್ತಾರೆ, ಮೊದಲ ಪೆಟ್ಟು ತಾಯಿಯದು. ಹಚ್ಚುವಾಗಲೂ ಮೊದಲ ಕೈ ತಾಯಿಯದೇ. ಅದಕ್ಕಾಗಿಯೇ ಅವಳು ಮೂರು ತಿಂಗಳು ನನ್ನ ಕೈಯಲ್ಲಿ ತಿಕ್ಕಿಸಿಕೊಂಡಿದ್ದಳು.

ಮದುವೆಗೆ ಎಂಟು ದಿನ ಇದ್ದಾಗ ಅತ್ತೆ ಫೋನ್ ಮಾಡಿದರು. "ನೋಡವ್ವಾ, ಅರಿಶಿಣಕ್ಕ ನಿಮ್ಮವ್ವ ಕೈ ಹಾಕೂದು ಬ್ಯಾಡ. ನಿಮ್ಮ ಚಿಗವ್ವ ಅದಾರಲ್ಲ, ಅವರು ಮಾಡ್ಲಿ. ನಾಳೆ ನಮ್ಮ ಮಂದಿ ಮುಂದ ಮತ್ತ ನಗಚಾಟಲಿ ಬ್ಯಾಡ." ಕೈ ಈಗ ಸ್ವಚ್ಛ ಆಗಿದೆ ಎಂದು ನಾನು ಹೇಳಬಹುದಿತ್ತು. ಪರೀಕ್ಷೆ ಮಾಡಿದವಳು ನಾನೇ. "ಆಗಲಿರಿ" ಅಂದೆ.

ಅವ್ವನಿಗೆ ಹೇಳಿದಾಗ ಅವಳು ಜಗಳ ತೆಗೆಯಲಿಲ್ಲ. ಕುಟ್ಟುವ ದಿನ ಒರಳು ತೊಳೆದಿಟ್ಟು ಅಡುಗೆ ಮನೆಗೆ ಹೋದಳು. ಮೇಡ್ಲೇರಿಯಿಂದ ಬಂದಿದ್ದ ಚಿಗವ್ವ, ಅವ್ವನ ತಂಗಿ, ಅಳುಮೋರೆ ಮಾಡಿಕೊಂಡು ಮೊದಲ ಪೆಟ್ಟು ಹಾಕಿದಳು. ಓಣಿಯ ನಾಲ್ಕು ಮುತ್ತೈದೆಯರು ಒಂದೊಂದು ಪೆಟ್ಟು ಹಾಕಿ, ಹಾಡು ಹೇಳಿ, ಎಲೆ ಅಡಿಕೆ ತಗೊಂಡು ಹೋದರು. ಅರಿಶಿಣದ ಕೊಂಬುಗಳು ಹಾಗೇ ಇದ್ದವು. ಬಾಕಿ ಕುಟ್ಟುವುದೆಲ್ಲ ತಾಯಿಯ ಪಾಲು. ಚಿಗವ್ವನಿಗೆ ಭುಜದ ನೋವು. ನನಗೋ ಎಲ್ಲ ಬೇಗ ಮುಗಿದರೆ ಸಾಕಾಗಿತ್ತು. ಕೊಂಬುಗಳನ್ನು ಚೀಲಕ್ಕೆ ಸುರಿದುಕೊಂಡು ಗಿರಣಿಗೆ ನಡೆದೆ.

ನಮ್ಮೂರಲ್ಲಿ ಆ ದಿನಗಳಲ್ಲಿ ಗಿರಣಿ ಎಂದರೆ ಖಾರದ ಗಿರಣಿ. ಮೆಣಸಿನಕಾಯಿ ಬೀಸಿದ ಯಂತ್ರದಲ್ಲೇ ಅಡುಗೆಯ ಅರಿಶಿಣವನ್ನೂ ಬೀಸುತ್ತಾರೆ, ಸಾರಿಗೆ ಅಷ್ಟು ಖಾರ ಬೆರೆತರೆ ಯಾರಿಗೇನು? ಅದಕ್ಕೇ ಗಿರಣಿಯವನು ಎಲ್ಲರನ್ನೂ ಕೇಳುವಂತೆ ನನ್ನನ್ನೂ ಕೇಳಿದ. "ಅಡಗಿಗೋ, ಮೈಗೋ?"

ಮೈಗೆ ಅಂದರೆ ಮನೆಯಲ್ಲೇ ಕುಟ್ಟಿಕೊಳ್ಳಿ ಎಂದು ತಿರುಗಿಸಿ ಕಳಿಸುತ್ತಾನೆ. ಜೊತೆಗೆ, ನಿಮ್ಮವ್ವ ಯಾಕೆ ಕುಟ್ಟುತ್ತಿಲ್ಲ ಎಂದು ನಾಲ್ಕು ಮಂದಿಯ ಮುಂದೆ ಕೇಳುತ್ತಾನೆ.

"ಅಡಗಿಗೆ" ಅಂದೆ.

ಮುಂಚೆ ಅವನು ಒಂದು ಹಿಡಿ ಜೋಳ ಬೀಸಿ ಯಂತ್ರ ಸ್ವಚ್ಛ ಮಾಡಿದ್ದನ್ನು ನೋಡಿದ್ದೆ, ಸಾಕು ಅಂದುಕೊಂಡೆ. ವಿಜ್ಞಾನದ ಟೀಚರ್!

ಮದುವೆಯ ಹಿಂದಿನ ದಿನ ಅರಿಶಿಣ. ಅತ್ತೆ ತಮ್ಮ ಕಡೆಯ ಐದಾರು ಹೆಂಗಸರನ್ನು ಕರೆದುಕೊಂಡು ಹಾವೇರಿಯಿಂದ ಬಂದರು. ನನ್ನನ್ನು ಮಣೆಯ ಮೇಲೆ ಕೂರಿಸಿದರು. ಚಿಗವ್ವ ಹಣೆ, ಗಲ್ಲ, ಕುತ್ತಿಗೆಗೆ ಹಚ್ಚಿದಳು. ಆಮೇಲೆ ಅತ್ತೆ ಎರಡೂ ಅಂಗೈ ತುಂಬ ತೆಗೆದುಕೊಂಡು ಮುಖಕ್ಕೆಲ್ಲ ಬಳಿದರು. ಹಾಡು ಎರಡನೇ ನುಡಿಗೆ ಬಂದಿತ್ತು. ಮೊದಲು ಚುರುಚುರು ಅಂದಿತು, ಆಮೇಲೆ ಮುಖವೆಲ್ಲ ಭಗ್ಗನೆ ಹೊತ್ತಿಕೊಂಡಿತು. ಕಣ್ಣು ತೆರೆಯಲಾಗಲಿಲ್ಲ. ನಾನು ಚೀರಿದೆ, ಹಾಡು ನಿಂತಿತು. ಅತ್ತೆ ತಮ್ಮ ಬೆರಳು ಮೂಸಿ ನೋಡಿ ಸೀನಿದರು.

"ಖಾರ! ಆಕಿ ಕೈ ಹಾಕ್ಯಾಳ. ಬ್ಯಾಡಂದ್ರೂ ಕೈ ಹಾಕ್ಯಾಳ ನೋಡ್ರಿ!"

ಅವ್ವ ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದಳೆಂದು ಅವಳ ಬಳೆಯ ಸದ್ದಿನಿಂದ ಗೊತ್ತಾಯಿತು. ಗಿರಣಿಗೆ ಒಯ್ದವಳು ನಾನು ಎಂದು ಹೇಳಲು ಆ ಒಂದು ಗಳಿಗೆಯನ್ನು ಎಲ್ಲರೂ ಪೂರ್ತಿ ನನಗೇ ಬಿಟ್ಟುಕೊಟ್ಟಿದ್ದರು. ನಾನು ಕಣ್ಣು ಮುಚ್ಚಿಕೊಂಡೇ, "ಅವ್ವಾ, ಮುಟ್ಟಬ್ಯಾಡ ಅಂತ ನಿನಗ ಎಷ್ಟು ಸಲ ಹೇಳಿದ್ನಿ?" ಅಂದೆ.

"ಮರತು ಮುಟ್ಟಿದ್ನಿರಿ, ತಪ್ಪಾತು" ಎಂದು ಅವಳ ದನಿ ಬಂತು. ಅದು ನನಗೆ ಹೇಳಿದ್ದಲ್ಲ, ಅತ್ತೆಗೆ.

ನನ್ನ ಮುಖಕ್ಕೆ ಮೊಸರು ಬಳಿದವಳೂ ಚಿಗವ್ವನೇ. ನಾಳೆ ಧಾರೆಗೂ ತಾಯಿಯ ಕೈ ಬೇಡ ಎಂದು ಅತ್ತೆ ಅಲ್ಲೇ ತೀರ್ಮಾನ ಮಾಡಿದರು. ಅಪ್ಪ, "ಹಂಗ ಆಗಲಿರಿ" ಅಂದ. ಮರುದಿನ ಚಿಗವ್ವ ಮತ್ತು ಅವಳ ಗಂಡ ನನ್ನನ್ನು ಧಾರೆ ಎರೆದುಕೊಟ್ಟರು.

ಅರಿಶಿಣದ ಸಂಜೆ ಬೀಗರು ಹೋದ ಮೇಲೆ ಅವ್ವ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ನನ್ನ ಮುಖ ಇನ್ನೂ ಊದಿತ್ತು. ಹೋಗಿ ಪಕ್ಕದಲ್ಲಿ ನಿಂತೆ. ತಪ್ಪು ಒಪ್ಪಿಕೊಳ್ಳಬೇಕೆಂದೇ ಹೋಗಿದ್ದೆ. ಅವಳೇ ಶುರು ಮಾಡಿದಳು.

"ಗಿರಣಿಂದ ಚೀಲ ತಂದು ಇಟ್ಟಾಗ ನನಗ ವಾಸನಿ ಬಂದಿತ್ತು. ಇಪ್ಪತ್ತು ವರ್ಷದ ಮೂಗು ಇದು."

"ಮತ್ತ ಯಾಕ ಹೇಳಲಿಲ್ಲ?"

"ಮುಟ್ಟಬ್ಯಾಡ ಅಂದಿದ್ದಿಯಲ್ಲ ನೀ." ಪಾತ್ರೆ ತಿಕ್ಕುವುದನ್ನು ಅವಳು ನಿಲ್ಲಿಸಲಿಲ್ಲ. "ಉರಿ ಅಂದ್ರ ಏನು ಅಂತ ಒಂದ ಸಲ ನಿನಗೂ ಗೊತ್ತಾಗ್ಲಿ ಅಂದ್ನಿ. ಉರಿದಮ್ಯಾಲರ ಖರೇ ಹೇಳ್ತೀ ಅಂತ ಮಾಡಿದ್ನಿ. ಹೇಳಲಿಲ್ಲ ನೀ."

ನಾನು ಅತ್ತೆಗೆ ಈಗಲೇ ಫೋನ್ ಮಾಡಿ ಹೇಳುತ್ತೇನೆ ಅಂದೆ.

"ಬ್ಯಾಡ. ಆ ಮನ್ಯಾಗ ನೀ ಬಾಳುವಿ ಮಾಡಬೇಕು. ಖಾರದಾಕಿ ಅನ್ನೂ ಹೆಸರು ನನಗ ಇರ್ಲಿ." ಕೈ ತೊಳೆದುಕೊಂಡು ಸೆರಗಿಗೆ ಒರೆಸುತ್ತ ಎದ್ದಳು. "ಆದ್ರ ನಿನ್ನ ಬಾಣಂತನಕ್ಕ ನನ್ನ ಕರೀಬ್ಯಾಡ. ಕೂಸಿನ ಕಣ್ಣಿಗೆ ಈ ಕೈ ತಾಗಿದ್ರ ನಾಲ್ಕು ಮಂದ್ಯಾಗ ನನ್ನ ಹೆಸರ ಹೇಳಾಕಿ ನೀ."

ಸಿಟ್ಟಿನ ಮಾತು, ಇಳಿಯುತ್ತದೆ ಅಂದುಕೊಂಡೆ. ಹೋದ ತಿಂಗಳು ನನಗೆ ಏಳು ತುಂಬಿ ಕುಬುಸ ಆಯಿತು. ತವರಿನವರು ಬಂದು ಉಡಿ ತುಂಬಿ ಹೆರಿಗೆಗೆ ಕರೆದೊಯ್ಯುವ ದಿನ. ಚಿಗವ್ವ ಒಬ್ಬಳೇ ಬುಟ್ಟಿ ಹೊತ್ತು ಬಸ್ಸಿಳಿದು ಬಂದಳು. ಬ್ಯಾಡಗಿಗೆ ಅಲ್ಲ, ತನ್ನ ಮೇಡ್ಲೇರಿಗೆ ಕರೆದೊಯ್ಯುತ್ತೇನೆ ಎಂದು ಅತ್ತೆಗೆ ಹೇಳಿದಳು. "ಚಲೋ ಆತು ಬಿಡ್ರಿ" ಅಂದರು ಅತ್ತೆ.

ಅವ್ವ ಯಾಕೆ ಬರಲಿಲ್ಲ ಎಂದು ನಾನು ಚಿಗವ್ವನನ್ನು ಒಳಗೆ ಕರೆದು ಕೇಳಿದೆ.

"ಸೀಜನ್ ಸುರು ಆಗೈತಲ್ಲವಾ" ಅಂದಳು ಚಿಗವ್ವ. "ಮತ್ತ ಕೆಲಸಕ್ಕ ಹೊಂಟಾಳ."