ಹುಲ್ಲು ಕಟ್ಟುವ ಮಷೀನಿನ ಮನೆತನ

ನಮ್ಮ ಕಡೆ ಒಂದು ಮಷೀನು ಚಲೋ ಇದೆಯೋ ಇಲ್ಲವೋ ಎಂದು ತಿಳಿಯಲು ಅದನ್ನು ಚಾಲು ಮಾಡಿ ನೋಡುವ ಪದ್ಧತಿ ಇಲ್ಲ. ಅದನ್ನು ಯಾರು ತೆಗೆದುಕೊಂಡಿದ್ದಾರೆ ಎಂದು ಕೇಳುತ್ತಾರೆ. ತೆಗೆದುಕೊಂಡವರು ದೊಡ್ಡ ಮನೆತನದವರಾದರೆ ಮಷೀನೂ ದೊಡ್ಡದೇ. ಹೆಣ್ಣು ಕೊಡುವಾಗಲೂ ಇದೇ ಲೆಕ್ಕ. ಹುಡುಗ ಕುಡಿಯುತ್ತಾನೋ, ಮಷೀನು ನಡೆಯುತ್ತದೋ, ಅದೆಲ್ಲ ಆಮೇಲಿನ ಮಾತು.

ಕೆಲಗೇರಿ ಕೆರೆಯ ಆಚೆ ನಮಗೊಂದು ಸಣ್ಣ ಹೊಲವಿದೆ. ಅದರಲ್ಲಿ ಅರ್ಧ ಹುಲ್ಲಿಗೇ ಬಿಟ್ಟಿದ್ದೇವೆ, ಯಾಕೆಂದರೆ ನನಗೆ ಎರಡು ಧಾರವಾಡಿ ಎಮ್ಮೆಗಳಿದ್ದವು. ನಮಗೆ ಎಂದು ಬರೆಯುವುದಿಲ್ಲ, ನನಗೆ ಎಂದೇ ಬರೆಯುತ್ತೇನೆ. ನಮ್ಮ ಯಜಮಾನರು ಹತ್ತಿ ವ್ಯಾಪಾರ ಸಾಕುಮಾಡಿ ಮನೆಯಲ್ಲಿ ಕೂತ ಮೇಲೆ ಆ ಎಮ್ಮೆಗಳಿಗೆ ಮಾಡಿದ ಒಂದೇ ಉಪಕಾರವೆಂದರೆ ಅವುಗಳ ಹಾಲಿನ ಚಹಾ ಕುಡಿದದ್ದು.

ಹೋದ ವರ್ಷದ ಹಿಂದಿನ ವರ್ಷ ಹುಲ್ಲು ಕೊಯ್ಯಲು ಹೊತ್ತಿಗೆ ಸರಿಯಾಗಿ ಆಳು ಸಿಗಲಿಲ್ಲ. ಕೊಯ್ದು ಕೆಡವಿದ ಹುಲ್ಲಿನ ಮೇಲೆ ಅಕಾಲದ ಮಳೆ ಬಿತ್ತು. ಬಣವೆಯ ಅರ್ಧ ಕಪ್ಪಾಯಿತು. ಬೇಸಿಗೆಯಿಡೀ ಮೇವಿಗಾಗಿ ಕಂಡವರ ಬಾಗಿಲು ತಟ್ಟಿದೆ. ಆಗ ಯಜಮಾನರು ಪೇಪರಿನಿಂದ ತಲೆ ಎತ್ತದೆ, "ಬರೂ ವರ್ಷನೂ ಮೇವು ಕೆಟ್ರ ಒಂದ್ ಎಮ್ಮಿ ಕೊಟ್ ಬಿಡೂಣು," ಅಂದರು. ಅವರ ಮನಸ್ಸಿನಲ್ಲಿದ್ದದ್ದು ಸಣ್ಣ ಎಮ್ಮೆ. ಅದು ನನ್ನ ಕೈಯಲ್ಲೇ ಕರುವಾಗಿ ಬೆಳೆದದ್ದು, ನನ್ನ ಬಳೆಯ ಸದ್ದಿಗೆ ಕಿವಿ ತಿರುಗಿಸುತ್ತಿತ್ತು. ಅದನ್ನು ಉಳಿಸಿಕೊಳ್ಳಬೇಕಾದರೆ ಮುಂದಿನ ವರ್ಷ ಹುಲ್ಲು ನೆಟ್ಟಗೆ ಆಗಬೇಕಿತ್ತು.

ಹಾಗಾಗಿ ಮಷೀನು ತರುವ ವಿಚಾರ ಬಂತು. ನನಗೆ ಬೇಕಾದದ್ದು ಎರಡೇ. ಹೆಗಲಿಗೆ ಹಾಕಿಕೊಂಡು ಹುಲ್ಲು ಕೊಯ್ಯುವ ಒಂದು ಮಷೀನು, ಕೆಟ್ಟರೆ ಸಾಮಾನು ಹುಬ್ಬಳ್ಳಿಯಲ್ಲೇ ಸಿಗುವಂಥದ್ದು. ಇನ್ನೊಂದು, ಒಣ ಹುಲ್ಲನ್ನು ತುಂಬಿ ತುಳಿದು ಹಗ್ಗ ಬಿಗಿದು ಪೆಂಡಿ ಕಟ್ಟುವ ಕಟ್ಟಿಗೆಯ ಪೆಟ್ಟಿಗೆ. ಬಡಗಿ ಒಂದು ದಿನದಲ್ಲಿ ಮಾಡಿಕೊಡುತ್ತಾನೆ. ಅದರಲ್ಲಿ ಕೆಡುವಂಥದ್ದು ಏನೂ ಇಲ್ಲ. ನಮ್ಮಷ್ಟು ಹೊಲಕ್ಕೆ ಅಷ್ಟು ಸಾಕು.

"ನಾವು ಪೆಟ್ಟಿಗ್ಯಾಗ ಹುಲ್ಲ ತುಳಕೋತ ನಿಂತ್ರ ಮಂದಿ ಏನಂದಾರು?" ಎಂದರು ಯಜಮಾನರು. ತುಳಿಯುವವಳು ನಾನು. ಮಂದಿ ಎಂದರೆ ನಮ್ಮ ಓಣಿಯವರು, ಹಾಲು ಪಾಕೀಟಿನಲ್ಲಿ ಹುಟ್ಟುತ್ತದೆ ಎಂದು ನಂಬಿದವರು. ಅವರ ಅಭಿಪ್ರಾಯಕ್ಕೆ ನನ್ನ ಎಮ್ಮೆ ಕಾಯಬೇಕಿತ್ತು.

ಮಷೀನುಗಳ ವಿಷಯದಲ್ಲಿ ಯಜಮಾನರು ತಮ್ಮನ್ನು ಬಲ್ಲವರೆಂದು ತಿಳಿದುಕೊಂಡದ್ದು ಅದಕ್ಕೂ ಮೊದಲಿನ ಒಂದು ಕೃಷಿ ಮೇಳದಿಂದ. ಅಲ್ಲಿ ಮಾರುವವನೊಬ್ಬ ಇವರ ಬಿಳಿ ಅಂಗಿ, ಹಣೆಯ ವಿಭೂತಿ ನೋಡಿ ತಲೆಗೆ ರುಮಾಲು ಸುತ್ತಿ, ಕೈಗೆ ತೆಂಗಿನಕಾಯಿ ಕೊಟ್ಟು, ಟ್ರ್ಯಾಕ್ಟರಿನ ಹಿಂದೆ ಎಳೆದುಕೊಂಡು ಹೋಗುವ ಹುಲ್ಲು ಕಟ್ಟುವ ಕೆಂಪು ಮಷೀನಿನ ಮುಂದೆ ಒಡೆಸಿದ್ದ. ಫೋಟೋ ತೆಗೆದಿದ್ದ. ಯಜಮಾನರು ಅರ್ಧ ಕಾಯಿ ಹಿಡಿದು, ಎದೆ ಉಬ್ಬಿಸಿಕೊಂಡು ಮನೆಗೆ ಬಂದರು. ನಾವು ಏನನ್ನೂ ಕೊಳ್ಳಲಿಲ್ಲ. ಕಾಯಿ ಚಟ್ನಿಯಾಯಿತು.

ಈಗ ಹುಬ್ಬಳ್ಳಿಯ ಅಂಗಡಿಗೆ ಹೋದರೆ ಅದೇ ಕೆಂಪು ಮಷೀನು. ಮಾರುವವನು ಮಾತ್ರ ಬೇರೆ.

"ದಾರ ಕಟ್ಟೂ ಭಾಗ ಕೆಟ್ರ ರಿಪೇರಿ ಯಾರ್ ಮಾಡ್ತಾರಪಾ?" ಎಂದು ಕೇಳಿದೆ.

"ಅಕ್ಕಾರ, ಬೈರಿದೇವರಕೊಪ್ಪದಾಗ ದೊಡ್ಡ ಮನೆತನದವ್ರು ತಗೊಂಡಾರ್ರಿ," ಎಂದ.

"ಸಾಮಾನು ಎಲ್ಲಿಂದ ಬರ್ತಾವು?"

"ಅವ್ರು ಸುಮ್ಮ ಸುಮ್ಮನ ತಗೋತಾರೇನ್ರಿ?"

ನನಗೆ ಉತ್ತರ ಸಿಗಲಿಲ್ಲ, ಯಜಮಾನರಿಗೆ ಸಿಕ್ಕಿತು. ಮರುದಿನವೇ ಬೈರಿದೇವರಕೊಪ್ಪಕ್ಕೆ ಹೊರಟೆವು. ಆ ದೊಡ್ಡ ಮನೆತನದವರ ಹೊಲದಲ್ಲಿ ಈಗ ಅಪಾರ್ಟ್‌ಮೆಂಟ್ ಎದ್ದಿದೆ. ಮಷೀನು ಅದರ ಕೆಳಗೆ ಕಾರುಗಳ ನಡುವೆ ತಾಡಪತ್ರಿ ಹೊದ್ದು ನಿಂತಿತ್ತು. ಬಾಡಿಗೆಗೆ ಕೊಡಲೆಂದು ತಂದದ್ದಂತೆ, ಕೇಳಿಕೊಂಡು ಯಾರೂ ಬಂದಿಲ್ಲವಂತೆ. ಮತ್ತೆ ಇದನ್ನೇ ಯಾಕೆ ಆರಿಸಿದಿರಿ ಎಂದು ಕೇಳಿದೆ. "ನವನಗರದಾಗ ಒಬ್ರು ತಗೊಂಡಿದ್ರರಿ. ಭಾಳ ತಿಳದವ್ರು," ಎಂದರು. ಯಜಮಾನರು ನನ್ನ ಕಡೆ ನೋಡಿದರು, ಹೇಗೆ ಎನ್ನುವ ಹಾಗೆ.

ನವನಗರದ ತಿಳಿದವರು ನಿವೃತ್ತ ಅಧಿಕಾರಿ. ಹೊಲ ಬೇರೆ ಊರಲ್ಲಿದೆ, ಮಷೀನು ಮನೆಯ ಮುಂದಿದೆ. ಅದರ ಹೊಟ್ಟೆಯಿಂದ ನೈಲಾನ್ ದಾರ ಜೋತುಬಿದ್ದಿತ್ತು. ಯಜಮಾನರನ್ನು ಕಂಡದ್ದೇ ಅವರು ಓಡಿ ಬಂದು ಎರಡೂ ಕೈ ಹಿಡಿದುಕೊಂಡರು.

"ನಿಮ್ಮ ಫೋಟೋ ನೋಡೇ ನಾ ಇದನ್ನ ತಗೊಂಡೇನ್ರಿ," ಎಂದರು.

ಫೋನಿನಲ್ಲಿ ಮಷೀನಿನ ಜಾಹೀರಾತು ತೆಗೆದು ತೋರಿಸಿದರು. ರುಮಾಲು ಸುತ್ತಿದ ನಮ್ಮ ಯಜಮಾನರು, ಕೈಯಲ್ಲಿ ಕಾಯಿ, ಪಕ್ಕದಲ್ಲಿ ಕೆಂಪು ಮಷೀನು. ಕೆಳಗೆ 'ಪ್ರತಿಷ್ಠಿತ ರೈತರ ಆಯ್ಕೆ' ಎಂದು ಅಚ್ಚಾಗಿತ್ತು. ಊರೆಲ್ಲ ಸುತ್ತಿ ನಾವು ನಮ್ಮನ್ನೇ ವಿಚಾರಿಸಿಕೊಂಡು ಬಂದಿದ್ದೆವು. ಇನ್ನಾದರೂ ಯಜಮಾನರು ನಕ್ಕು, ಖರೇ ಹೇಳಿ, ನನ್ನನ್ನು ಬಡಗಿಯ ಕಡೆ ಕರೆದುಕೊಂಡು ಹೋಗುತ್ತಾರೆ ಎಂದುಕೊಂಡೆ.

"ನಿಮ್ಮದೂ ದಾರ ಹಿಂಗ ಸಿಕ್ಕೊಂಡ್ ನಿಲ್ತೈತೇನ್ರಿ?" ಎಂದು ಅವರು ಕೇಳಿದರು.

"ಮೊದಲ ಮೊದಲ ನಿಲ್ತಿತ್ರಿ," ಎಂದರು ನಮ್ಮ ಯಜಮಾನರು, ಗಂಭೀರವಾಗಿ. "ಈಗ ಚಲೋ ನಡದೈತಿ. ಸ್ವಲ್ಪ ಎಣ್ಣಿ ಬಿಟ್ಟ್ ನೋಡ್ರಿ."

ಅವರ ಮನೆಯವರು ಕೊಟ್ಟ ಅವಲಕ್ಕಿಯ ತಾಟನ್ನು ನಾನು ಕೆಳಗಿಟ್ಟೆ. ಇಲ್ಲದ ಮಷೀನಿಗೆ ಎಣ್ಣೆ ಬಿಡುವ ಗಂಡಸನ್ನು ಅಂದೇ ನೋಡಿದ್ದು. ನವನಗರದವರು ಅಷ್ಟಕ್ಕೇ ಬಿಡಲಿಲ್ಲ, ಐತವಾರ ನಿಮ್ಮ ಹೊಲಕ್ಕೆ ಬಂದು ನೋಡುತ್ತೇವೆ ಎಂದರು. ಇವರು ಅಗತ್ಯವಾಗಿ ಬರ್ರಿ ಎಂದರು. ಮನೆಗೆ ಬರುವ ದಾರಿಯಲ್ಲಿ ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಇವರು ಒಂದೇ ಮಾತು ಹೇಳಿದರು: "ಕೊಟ್ಟ ಮಾತು ಉಳಿಸ್ಕೋಬೇಕ." ಆಡಿದ್ದು ಸುಳ್ಳು, ಉಳಿಸಿಕೊಳ್ಳಬೇಕಾದದ್ದು ಮಾತು. ಹುಬ್ಬಳ್ಳಿಯ ಅಂಗಡಿಗೆ ಹೋಗಿ ದುಡ್ಡು ಕಟ್ಟಿ ಬಂದರು, ಶನಿವಾರ ಕೆಂಪು ಮಷೀನು ನಮ್ಮ ಹೊಲಕ್ಕೆ ಬಂತು.

ಹೇಗೋ ಆಳು ಹಿಡಿದು ಹುಲ್ಲು ಕೊಯ್ದು ಕೆಡವಿ ಆಗ ಒಂದೆರಡು ದಿನವಾಗಿತ್ತು, ಅಷ್ಟೇ. ಮೋಡ ಬೇರೆ. ಒಣಗಿದ ಹುಲ್ಲನ್ನು ಮುರಿದರೆ ಚಟ್ ಎನ್ನಬೇಕು. ಇದು ಬಾಗುತ್ತಿತ್ತು. ಐತವಾರ ಮುಂಜಾನೆ ಒಂದು ಹಿಡಿ ತಂದು ಯಜಮಾನರ ಮುಂದೆ ಹಿಡಿದೆ. "ಹಸಿ ಐತಿ. ಈಗ ಕಟ್ಟಿದ್ರ ಒಳಗ ಬೇಯ್ತದ. ಇನ್ನೊಂದ್ ಸರ್ತಿ ತಿರವಿ ಒಣಗಿಸೂಣು," ಎಂದೆ.

"ಅವ್ರು ಬರಾಕತ್ತಾರ. ನೀ ಚಹಾಕ್ಕ ಇಡು," ಎಂದರು.

ನವನಗರದವರು ಮನೆಮಂದಿಯೊಂದಿಗೆ ಬಂದರು. ಬಾಡಿಗೆ ಟ್ರ್ಯಾಕ್ಟರ್ ಮುಂದೆ, ಕೆಂಪು ಮಷೀನು ಹಿಂದೆ. ಅಂದು ಅದು ಒಮ್ಮೆಯೂ ನಿಲ್ಲಲಿಲ್ಲ. ನಿಂತಿದ್ದರೆ ನನ್ನ ಹುಲ್ಲು ಉಳಿಯುತ್ತಿತ್ತು. ಒಂದಾದ ಮೇಲೊಂದು ದುಂಡಗಿನ ಪೆಂಡಿ ಹಿಂದೆ ಬೀಳುತ್ತಿತ್ತು, ಪ್ರತಿ ಪೆಂಡಿಗೂ ಇಬ್ಬರು ಪ್ರತಿಷ್ಠಿತರು ತಲೆದೂಗುತ್ತಿದ್ದರು. ಸಂಜೆಯ ಹೊತ್ತಿಗೆ ಹೊಲದಲ್ಲಿ ಒಂದು ಎಳೆಯೂ ಬಿಡಿಯಾಗಿ ಉಳಿದಿರಲಿಲ್ಲ. ಎಣ್ಣೆಯ ಉಪಾಯ ಕೇಳಿಕೊಂಡು ಅವರು ಸಂತೋಷದಿಂದ ಹೋದರು.

ಕೆಲವೇ ದಿನಗಳಲ್ಲಿ ಪೆಂಡಿಯೊಳಗೆ ಕೈ ಹಾಕಿದರೆ ಬಿಸಿ ತಾಗಿತು. ಆಮೇಲೆ ಹುಳಿ ವಾಸನೆ, ಆಮೇಲೆ ಬಿಳಿ ಬೂಷ್ಟು. ಒಂದೊಂದನ್ನೇ ಬಿಚ್ಚಿ ಹರವಿ, ಉಳಿದದ್ದನ್ನು ಆರಿಸಿದೆ. ಅದು ಒಂದು ಎಮ್ಮೆಗೆ ಸಾಲುವಷ್ಟಿತ್ತು. ಯಜಮಾನರು ಹಿಂದೆ ಆಡಿದ ಮಾತನ್ನು ಈ ಸಲವೂ ಉಳಿಸಿಕೊಂಡರು. ಸಣ್ಣ ಎಮ್ಮೆ ವ್ಯಾಪಾರಿಯ ಗಾಡಿ ಹತ್ತುವಾಗ ನಾನು ಬಳೆ ಸದ್ದಾಗದಂತೆ ಕೈ ಹಿಡಿದುಕೊಂಡು ನಿಂತಿದ್ದೆ. ಅಳು ಬರಲಿಲ್ಲ, ಸಿಟ್ಟು ಬಂತು. ಅದು ಇನ್ನೂ ಇಳಿದಿಲ್ಲ.

ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅಳ್ನಾವರ ಕಡೆಯ ಗಂಡ ಹೆಂಡತಿ ನಮ್ಮ ಬಾಗಿಲಿಗೆ ಬಂದರು. ಅಂಗಡಿಯವನು ಕಳಿಸಿದ್ದಾನೆ, ನೀವು ತಗೊಂಡಿದ್ದೀರಂತೆ, ಮಷೀನು ಹೇಗಿದೆ ಎಂದು ಗಂಡ ಕೇಳಿದ. ಯಜಮಾನರು ಬಾಯಿ ತೆಗೆಯುವ ಮೊದಲೇ ನಾನು ಇಬ್ಬರನ್ನೂ ಹಿತ್ತಲಿಗೆ ಕರೆದೊಯ್ದೆ. ಮೂಲೆಯಲ್ಲಿ ಬಿಚ್ಚದೆ ಬಿಟ್ಟಿದ್ದ ಒಂದು ಪೆಂಡಿಯಿಂದ ಹಿಡಿ ಹುಲ್ಲು ಕಿತ್ತು ಎಮ್ಮೆಯ ಮುಂದೆ ಹಿಡಿದೆ. ಅದು ಮೂಸಿ ಮುಖ ತಿರುಗಿಸಿತು.

ನಮ್ಮ ಹಿಂದೆ ಬಂದು ನಿಂತಿದ್ದ ಯಜಮಾನರನ್ನು ಆತ ಕೇಳಿದ: "ಮತ್ತ ನೀವ್ಯಾಕ ತಗೊಂಡ್ರಿ?"

ಯಜಮಾನರು ಅಂಗಿ ಸರಿಮಾಡಿಕೊಂಡು, "ನವನಗರದಾಗ ಒಬ್ರು ತಗೊಂಡಿದ್ರರಿ. ಭಾಳ ತಿಳದವ್ರು," ಎಂದರು.

ಆತ ಫೋನು ತೆಗೆದು ಅವರ ಮನೆ ಎಲ್ಲಿ ಬರುತ್ತದೆ ಎಂದು ಕೇಳಿದ. ಯಜಮಾನರು ದಾರಿ ಹೇಳತೊಡಗಿದರು.

ಅವನ ಹೆಂಡತಿ ಮಾತ್ರ ಎಮ್ಮೆಯ ಪಕ್ಕದ ಖಾಲಿ ಗೂಟ ನೋಡುತ್ತ ನಿಂತಿದ್ದಳು.

"ನಿಮ್ಮನ್ಯಾಗ ಎಷ್ಟ ಅದಾವು?" ಎಂದು ಕೇಳಿದೆ.

"ಎರಡ ಅದಾವ್ರಿ," ಎಂದಳು.